ಟ್ರ್ಯಾಕ್ಟರ್, ಕಾರು, ಬೈಕ್ ಬ್ಯಾಟರಿ ಮನೆಯಲ್ಲೇ ಚಾರ್ಜ್ ಮಾಡುವಾಗ: ಕಿಡಿ ಹಾರದಂತೆ, ಅವಸರವಿಲ್ಲದೆ

ಬೇಸಿಗೆ ಪೂರ್ತಿ ಶೆಡ್ಡಿನಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಮೊದಲ ಹದ ಮಳೆ ಬಿದ್ದಾಗಲೇ ಕೈಕೊಡುತ್ತದೆ. ಕೀಲಿ ತಿರುಗಿಸಿದರೆ ಸೆಲ್ಫ್ ಎಳೆಯುವುದಿಲ್ಲ, ಬರೀ ಕಟ ಕಟ ಸದ್ದು. ಬ್ಯಾಟರಿ ಬಿಚ್ಚಿ ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಆಗಲೇ ಸಾಲಾಗಿ ಬ್ಯಾಟರಿಗಳು ಕೂತಿರುತ್ತವೆ, ‘ನಾಳೆ ಬನ್ನಿ’ ಅನ್ನುತ್ತಾರೆ. ಉಳುಮೆಯ ಹದ ನಾಳೆಯವರೆಗೆ ಕಾಯಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಈಗ ಒಂದು ಚಾರ್ಜರ್ ಇದೆ. ಅದನ್ನು ಸರಿಯಾಗಿ ಬಳಸುವುದು ಕಷ್ಟದ ಕೆಲಸವಲ್ಲ. ಆದರೆ ಒಂದು ಕ್ರಮ ಇದೆ, ಆ ಕ್ರಮಕ್ಕೆ ಕಾರಣವೂ ಇದೆ. ಕಾರಣ ಗೊತ್ತಿದ್ದರೆ ಕ್ರಮ ತಾನಾಗಿಯೇ ನೆನಪಿರುತ್ತದೆ.

ಯಾವುದಕ್ಕೆ ಹೆದರಬೇಕು

‘12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ’ ಎನ್ನುವ ಮಾತು ನಿಜ. ಒಣಗಿದ ಕೈಯಲ್ಲಿ ಎರಡೂ ಟರ್ಮಿನಲ್ ಮುಟ್ಟಿದರೆ ಏನೂ ಆಗಲ್ಲ. ಅಪಾಯ ಇರುವುದು ಬೇರೆ ಕಡೆ.

ಚಾರ್ಜ್ ಆಗುವಾಗ, ಅದರಲ್ಲೂ ತುಂಬುತ್ತಾ ಬಂದ ಹಾಗೆ, ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಹೊರಗೆ ಬರುತ್ತವೆ. ಮುಚ್ಚಳ ತೆಗೆದು ನೋಡಿದರೆ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅದೇ ಇದು. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಢಮ್ ಎನ್ನುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬ್ಯಾಟರಿ ಸಿಡಿದರೆ ಪ್ಲಾಸ್ಟಿಕ್ ಚೂರುಗಳ ಜೊತೆ ಗಂಧಕಾಮ್ಲವೂ ಮುಖಕ್ಕೆ ಹಾರುತ್ತದೆ. ಹೋಗುವುದು ಕಣ್ಣು.

ಅನಿಲ ಬರುವುದನ್ನು ತಡೆಯಲು ಆಗಲ್ಲ. ಅದು ಒಂದೇ ಕಡೆ ತುಂಬಿಕೊಳ್ಳದಂತೆ ಮಾಡಬಹುದು, ಹತ್ತಿರ ಕಿಡಿ ಆಗದಂತೆ ನೋಡಿಕೊಳ್ಳಬಹುದು. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಇವೆರಡಕ್ಕಾಗಿಯೇ ಇದೆ.

ಎರಡನೇ ಅಪಾಯ ಶಾರ್ಟ್. ಟ್ರ್ಯಾಕ್ಟರ್ ಬ್ಯಾಟರಿ ಸೆಲ್ಫ್ ಎಳೆಯುವಾಗ ನೂರಾರು ಆಂಪಿಯರ್ ಕೊಡುತ್ತದೆ. ಪ್ಲಸ್ ಬಿಚ್ಚುತ್ತಿರುವ ಸ್ಪ್ಯಾನರ್ ಟ್ರ್ಯಾಕ್ಟರಿನ ಬಾಡಿಗೆ ತಾಗಿದರೆ ಅಷ್ಟೂ ಕರೆಂಟು ಆ ಸ್ಪ್ಯಾನರಿನಲ್ಲೇ ಹರಿಯುತ್ತದೆ. ಕೈಯಲ್ಲಿ ಉಂಗುರ, ಕಡಗ, ಬಳೆ ಇದ್ದು ಅದು ನಡುವೆ ಸಿಕ್ಕಿಕೊಂಡರೆ ಲೋಹ ಕ್ಷಣದಲ್ಲೇ ಕೆಂಪಗೆ ಕಾಯುತ್ತದೆ, ಬೆರಳಿನಿಂದ ಕಳಚಲೂ ಬರಲ್ಲ. ಬ್ಯಾಟರಿ ಮುಟ್ಟುವ ಮೊದಲು ಇವನ್ನೆಲ್ಲ ತೆಗೆದು ಜೇಬಿಗೆ ಹಾಕಿ. ಕೊರಳ ಸರ ಉದ್ದ ಇದ್ದರೆ ಅದನ್ನೂ ತೆಗೆಯಿರಿ.

ಬ್ಯಾಟರಿ ಯಾವುದು, ಚಾರ್ಜರ್ ಎಷ್ಟು ದೊಡ್ಡದಿರಬೇಕು

ಬ್ಯಾಟರಿಯ ಮೇಲಿನ ಸ್ಟಿಕರ್ ನೋಡಿ. 12V 88Ah ಎಂದಿದ್ದರೆ 12 ವೋಲ್ಟ್, 88 ಆಂಪಿಯರ್ ಅವರ್ ಎಂದರ್ಥ. ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆಯೇ ಈ ಆಂಪಿಯರ್ ಅವರ್. ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 75ರಿಂದ 100ರ ಒಳಗೆ ಇರುತ್ತದೆ, ಸಣ್ಣ ಕಾರುಗಳಲ್ಲಿ 35ರ ಆಸುಪಾಸು, ಬೈಕು ಸ್ಕೂಟರುಗಳಲ್ಲಿ 3ರಿಂದ 9.

ಲೆಕ್ಕ ಸುಲಭ: ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಕರೆಂಟ್ ಕೊಡಬೇಡಿ. 80ರ ಬ್ಯಾಟರಿಗೆ 8 ಆಂಪಿಯರ್, 35ರದಕ್ಕೆ ಮೂರೂವರೆ, ಬೈಕಿನ 5ರ ಬ್ಯಾಟರಿಗೆ ಅರ್ಧ ಆಂಪಿಯರ್. ಟ್ರ್ಯಾಕ್ಟರಿಗೆಂದು ತಂದ 10 ಆಂಪಿಯರ್ ಚಾರ್ಜರನ್ನು ಬೈಕಿನ ಬ್ಯಾಟರಿಗೆ ಹಾಕಿದರೆ ಅದು ಬಿಸಿಯಾಗಿ, ಉಬ್ಬಿ ಹಾಳಾಗುತ್ತದೆ. ಬೈಕಿಗೆ ಬೇರೆ ಸಣ್ಣ ಚಾರ್ಜರ್ ಬೇಕು, ಇಲ್ಲದಿದ್ದರೆ ಕರೆಂಟ್ ಕಡಿಮೆ ಮಾಡುವ ಸ್ವಿಚ್ ಇರುವ ಚಾರ್ಜರ್ ಬೇಕು.

ಹೊಸದಾಗಿ ಕೊಳ್ಳುವವರಾದರೆ ತುಂಬಿದ ಮೇಲೆ ತಾನೇ ಕರೆಂಟ್ ಇಳಿಸುವ ಆಟೊಮ್ಯಾಟಿಕ್ ಚಾರ್ಜರನ್ನೇ ತೆಗೆದುಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ. ಪ್ಲಸ್ ಮೈನಸ್ ಅದಲು ಬದಲಾದರೆ ಇಂಥವುಗಳಲ್ಲಿ ಹೆಚ್ಚಿನವು ಚಾಲೂ ಆಗಲ್ಲ. ತಗಡಿನ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಕೂರಿಸಿದ, ಮೇಲೆ ಮುಳ್ಳಿನ ಆಂಪಿಯರ್ ಮೀಟರ್ ಇರುವ ಹಳೆ ಕಾಲದ ಚಾರ್ಜರ್ ಗಟ್ಟಿಮುಟ್ಟು ನಿಜ. ಆದರೆ ಅದು ತಾನಾಗಿ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು. ತಗಡಿನ ಡಬ್ಬಿಯಾದ್ದರಿಂದ ಅರ್ಥಿಂಗ್ ಇರುವ ಮೂರು ಪಿನ್ ಪ್ಲಗ್ ಕಡ್ಡಾಯ. ಮೂರನೇ ಪಿನ್ ಕತ್ತರಿಸಿ ಎರಡು ಪಿನ್ ಸಾಕೆಟ್‌ಗೆ ಸಿಗಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಒಳಗೆ ಒಂದು ವೈರು ಸವೆದು ತಗಡಿಗೆ ತಾಗಿದರೆ ಆ ಡಬ್ಬಿ ಮುಟ್ಟಿದವರ ಜೀವ ಹೋಗುತ್ತದೆ. ಇಲ್ಲಿ ಶಾಕ್ ಹೊಡೆಯುವುದು 12 ವೋಲ್ಟ್ ಅಲ್ಲ, 230.

ಇನ್ನೊಂದನ್ನು ಒತ್ತಿ ಹೇಳಬೇಕು. ಡಯೋಡ್ ಒಂದು, 100 ವ್ಯಾಟಿನ ಬಲ್ಬ್ ಒಂದು ಸೀರೀಸ್‌ನಲ್ಲಿ ಹಾಕಿ ಮನೆ ಕರೆಂಟನ್ನು ನೇರ ಬ್ಯಾಟರಿಗೆ ಕೊಡುವ ‘ದೇಸಿ ಚಾರ್ಜರ್’ ಅನ್ನು ದಯವಿಟ್ಟು ಮಾಡಬೇಡಿ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಅಂದರೆ ಬ್ಯಾಟರಿಯ ಟರ್ಮಿನಲ್ಲೇ ಲೈನ್ ಕರೆಂಟು, ಮುಟ್ಟಿದರೆ ಕಂಬದ ತಂತಿ ಮುಟ್ಟಿದ ಹಾಗೆ. ಅಷ್ಟು ಮಾಡಿಯೂ ಬಲ್ಬಿನ ಮೂಲಕ ಹೋಗುವುದು ಅರ್ಧ ಆಂಪಿಯರಿಗಿಂತ ಕಮ್ಮಿ. ಟ್ರ್ಯಾಕ್ಟರ್ ಬ್ಯಾಟರಿ ತುಂಬಲು ವಾರಗಟ್ಟಲೆ ಬೇಕು.

ಜಾಗ

ಗಾಳಿ ಆಡುವ ಕಡೆ ಇಡಿ. ಜಗಲಿ, ಪಡಸಾಲೆ, ಬಾಗಿಲಿಲ್ಲದ ಶೆಡ್ಡು ಎಲ್ಲಾ ಒಳ್ಳೆಯ ಜಾಗಗಳೇ. ನೇರ ಬಿಸಿಲು, ಮಳೆ ಹನಿ ಬೀಳಬಾರದು. ಹೈಡ್ರೋಜನ್ ಬಹಳ ಹಗುರ, ನೇರ ಮೇಲಕ್ಕೇರಿ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಕೋಣೆಯಲ್ಲೇ ಇಡಬೇಕಾಗಿ ಬಂದರೆ ಬಾಗಿಲು ತೆರೆದರಷ್ಟೇ ಸಾಲದು, ಮೇಲಿನ ಗವಾಕ್ಷಿಯೋ ಬೆಳಕಿಂಡಿಯೋ ತೆರೆದಿರಬೇಕು. ಆರ್‌ಸಿಸಿ ಮನೆಯ ಮುಚ್ಚಿದ ಸ್ಟೋರ್ ರೂಮ್, ಮಂಚದ ಕೆಳಗೆ, ಮೆಟ್ಟಿಲ ಕೆಳಗಿನ ಸಂದಿ ಬೇಡವೇ ಬೇಡ.

ಅಡುಗೆಮನೆ, ಸ್ನಾನದ ನೀರು ಕಾಯಿಸುವ ಒಲೆ, ದೀಪ ಉರಿಯುವ ದೇವರ ಮೂಲೆ ಇವುಗಳಿಂದ ದೂರ ಇರಬೇಕು. ಕೊಟ್ಟಿಗೆಯಲ್ಲಿ ಹುಲ್ಲು, ಶೆಡ್ಡಿನಲ್ಲಿ ಡೀಸೆಲ್ ಕ್ಯಾನು ಇರುತ್ತವಲ್ಲ, ಅವುಗಳ ಪಕ್ಕವೂ ಬೇಡ. ಬೀಡಿ ಸಿಗರೇಟು ಸೇದುವವರಿಗೆ ಮೊದಲೇ ಹೇಳಿಬಿಡಿ. ಮಕ್ಕಳು, ನಾಯಿ, ಕರು ಹತ್ತಿರ ಬರದ ಜಾಗವಾದರೆ ಇನ್ನೂ ಒಳ್ಳೆಯದು.

ಕೆಳಗೆ ಮರದ ಹಲಗೆ ಇಡಿ. ಸಿಮೆಂಟು ನೆಲ ಬ್ಯಾಟರಿಯ ಚಾರ್ಜ್ ಎಳೆಯುತ್ತದೆ ಎನ್ನುವ ಹಳೆಯ ನಂಬಿಕೆ ಈಗಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಅನ್ವಯಿಸುವುದಿಲ್ಲ. ಹಲಗೆ ಬೇಕಾಗಿರುವುದು ಬ್ಯಾಟರಿ ಅಲುಗಾಡದೆ ಕೂರಲಿ, ಆಸಿಡ್ ಚೆಲ್ಲಿದರೆ ನೆಲ ಹಾಳಾಗದಿರಲಿ ಎಂದು. ಚಾರ್ಜರನ್ನು ಬ್ಯಾಟರಿಯ ಮೇಲೆ ಇಡಬೇಡಿ, ವೈರು ಎಷ್ಟು ಉದ್ದ ಇದೆಯೋ ಅಷ್ಟು ದೂರ ಇಡಿ. ಧೂಳು ಬೀಳದಿರಲಿ ಎಂದು ಅದರ ಮೇಲೆ ಗೋಣಿಚೀಲ ಹೊದಿಸುವವರಿದ್ದಾರೆ. ಹಾಗೆ ಮಾಡಿದರೆ ಒಳಗಿನ ಬಿಸಿ ಹೊರಗೆ ಹೋಗಲ್ಲ, ಬೆಂಕಿಯೇ ಹೊತ್ತಿಕೊಳ್ಳಬಹುದು.

ಬಿಚ್ಚುವಾಗ ಮೈನಸ್ ಮೊದಲು

ಟ್ರ್ಯಾಕ್ಟರಿನ ಕೀಲಿ ತೆಗೆಯಿರಿ, ಲೈಟು ಆಫ್ ಇದೆಯೇ ನೋಡಿ. ಆಮೇಲೆ ಮೊದಲು ಮೈನಸ್ ಕೇಬಲ್ ಬಿಚ್ಚಿ, ನಂತರ ಪ್ಲಸ್. ವಾಪಸ್ ಜೋಡಿಸುವಾಗ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್. ಯಾಕೆ? ಮೈನಸ್ ಕೇಬಲ್ ಟ್ರ್ಯಾಕ್ಟರಿನ ಬಾಡಿಗೇ ಸೇರಿರುತ್ತದೆ. ಅದು ಜೋಡಣೆಯಲ್ಲಿ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿಗೆ ತಾಗಿದರೆ ಶಾರ್ಟ್. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗಲ್ಲ.

ಪ್ಲಸ್ ಮೈನಸ್ ಗುರುತು ಅಳಿಸಿಹೋಗಿದ್ದರೆ ಎರಡೂ ಟರ್ಮಿನಲ್ ಕಂಬಗಳನ್ನು ಹತ್ತಿರದಿಂದ ನೋಡಿ. ಪ್ಲಸ್ ಕಂಬ ಮೈನಸ್‌ಗಿಂತ ಒಂದು ಚೂರು ದಪ್ಪ ಇರುತ್ತದೆ. ಮಲ್ಟಿಮೀಟರ್ ಇದ್ದರೆ ಅದರಲ್ಲೂ ಖಚಿತ ಮಾಡಿಕೊಳ್ಳಿ.

ಕೇಬಲ್ಲಿನ ತುದಿಯ ಕ್ಲಾಂಪ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಡಿ, ಕಂಬ ಒಳಗಿನಿಂದ ಸಡಿಲವಾಗುತ್ತದೆ. ಬೋಲ್ಟ್ ಪೂರ್ತಿ ಸಡಿಲಿಸಿ ನಿಧಾನಕ್ಕೆ ಅತ್ತಿತ್ತ ತಿರುಗಿಸಿ. ಅದರ ಸುತ್ತ ಬಿಳಿ, ಹಸಿರು ಪುಡಿ ಕಟ್ಟಿರುತ್ತದಲ್ಲ, ಅದನ್ನು ಬಾಯಿಂದ ಊದಬೇಡಿ, ಅದರಲ್ಲಿ ಸೀಸ ಇದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಹಚ್ಚಿ. ಬುಸ್ ಎಂದು ನೊರೆ ಎದ್ದು ಪುಡಿ ಕರಗುತ್ತದೆ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸೋಡಾ ನೀರಿನ ಒಂದು ಹನಿಯೂ ಬ್ಯಾಟರಿಯ ಒಳಗೆ ಹೋಗಬಾರದು, ಹೋದರೆ ಒಳಗಿನ ಆಸಿಡ್ ಸತ್ವ ಕಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿರುವಾಗಲೇ ಈ ಕೆಲಸ ಮುಗಿಸಿ.

ಟ್ರ್ಯಾಕ್ಟರ್ ಬ್ಯಾಟರಿ 20 ಕಿಲೋಗೂ ಜಾಸ್ತಿ ತೂಗುತ್ತದೆ. ಇಬ್ಬರು ಹಿಡಿದು ಎತ್ತಿ, ವಾಲಿಸಬೇಡಿ. ಎದೆಗೆ ಅವಚಿಕೊಂಡು ತಂದರೆ ಅಂಗಿಗೆ ಆಸಿಡ್ ಹತ್ತಿದ್ದು ಆಗ ಗೊತ್ತಾಗಲ್ಲ. ಒಗೆದಾಗ ಹತ್ತಿಬಟ್ಟೆ ತೂತು ತೂತಾಗಿ ಕೈಗೆ ಬರುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಔಷಧಿ ಹೊಡೆಯುವಾಗ ಹಾಕುವ ಗಾಗಲ್ಸ್ ಇದ್ದರೂ ಆಯಿತು.

ನೀರು ನೋಡುವುದು

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಯಾದರೆ ಆರೂ ಸೆಲ್‌ಗಳ, ಅಂದರೆ ಒಳಗಿನ ಆರು ಖಾನೆಗಳ, ಮುಚ್ಚಳ ತೆಗೆದು ಒಳಗೆ ನೋಡಿ. ಕತ್ತಲಿದ್ದರೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕಡ್ಡಿ ಗೀರಿ, ಲೈಟರ್ ಹಚ್ಚಿ ಬಗ್ಗಿ ನೋಡುವವರು ಈಗಲೂ ಇದ್ದಾರೆ. ಬ್ಯಾಟರಿ ಮುಖಕ್ಕೆ ಸಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನೀರು ಒಳಗಿನ ಸೀಸದ ಪ್ಲೇಟುಗಳಿಗಿಂತ ಸುಮಾರು ಅರ್ಧ ಇಂಚು ಮೇಲಿರಬೇಕು. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಈಗ ಅದು ಮುಳುಗುವಷ್ಟು ಮಾತ್ರ ಹಾಕಿ. ಗುರುತಿನವರೆಗೆ ತುಂಬುವುದು ಚಾರ್ಜ್ ಮುಗಿದ ಮೇಲೆ. ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುತ್ತದೆ, ಮೊದಲೇ ತುಂಬಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ.

ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ಫಿಲ್ಟರ್ ನೀರು, ಮಿನರಲ್ ವಾಟರ್ ಬಾಟಲಿ ಯಾವುದೂ ಆಗದು. ನಮ್ಮ ಬಯಲುಸೀಮೆಯ ಬೋರ್ ನೀರಿನಲ್ಲಿ ಇರುವ ಉಪ್ಪು ಗೊತ್ತೇ ಇದೆ, ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ. ಪ್ಲೇಟನ್ನು ಅದು ಬಿಡುತ್ತದೆಯೇ? ಆಸಿಡ್ ಹಾಕಲೂ ಹೋಗಬೇಡಿ. ಬ್ಯಾಟರಿಯಿಂದ ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ.

ಇನ್ನು ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಗಳು. ಹೊಸ ಬೈಕುಗಳಲ್ಲಿ, ಬಹಳಷ್ಟು ಕಾರುಗಳಲ್ಲಿ ಇರುವುದು ಇವೇ. ಸ್ಕ್ರೂಡ್ರೈವರ್ ಹಾಕಿ ಮೀಟಿ ತೆರೆಯಬೇಡಿ. ಅವುಗಳಿಗೆ ಆಟೊಮ್ಯಾಟಿಕ್ ಚಾರ್ಜರನ್ನೇ ಬಳಸಿ.

ಡಬ್ಬಿ ಉಬ್ಬಿದ್ದರೆ, ಸೀಳು ಬಿಟ್ಟಿದ್ದರೆ, ಆಸಿಡ್ ಸೋರುತ್ತಿದ್ದರೆ ಚಾರ್ಜಿಗೆ ಹಾಕಬೇಡಿ. ಅದರ ಆಯಸ್ಸು ಮುಗಿದಿದೆ.

ಚಾರ್ಜಿಗೆ ಹಾಕುವುದು

1. ಗೋಡೆಯ ಸ್ವಿಚ್ ಆಫ್ ಇರಲಿ.
2. ಮುಚ್ಚಳಗಳನ್ನು ತಿರುಗಿಸಿ ಸಡಿಲ ಮಾಡಿ ಹಾಗೇ ಮೇಲೆ ಕೂರಿಸಿ. ಅನಿಲ ಹೋಗಬೇಕು, ಹನಿ ಹಾರಬಾರದು. ಮುಚ್ಚಳದ ಸಣ್ಣ ತೂತಿನಲ್ಲಿ ಮಣ್ಣು ಕಟ್ಟಿದ್ದರೆ ತೆಗೆಯಿರಿ.
3. ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕ್ಲಿಪ್ ಗಟ್ಟಿಯಾಗಿ ಕಚ್ಚಿದೆಯೇ ಒಮ್ಮೆ ಅಲುಗಿಸಿ ನೋಡಿ. ಸಡಿಲ ಕ್ಲಿಪ್ಪೇ ಕಿಡಿಗೆ ಮೂಲ.
4. ಇನ್ನೊಮ್ಮೆ ಪ್ಲಸ್ ಮೈನಸ್ ನೋಡಿ, ಆಮೇಲೆ ಸ್ವಿಚ್ ಹಾಕಿ.

ಮುಗಿದ ಮೇಲೆ ಮೊದಲು ಸ್ವಿಚ್ ಆಫ್. ಹತ್ತು ಹದಿನೈದು ನಿಮಿಷ ಬಿಡಿ, ಅನಿಲ ಚದುರಲಿ. ಆಮೇಲೆ ಕಪ್ಪು ಕ್ಲಿಪ್, ನಂತರ ಕೆಂಪು ತೆಗೆಯಿರಿ. ಸ್ವಿಚ್ ಆನ್ ಇರುವಾಗಲೇ ಕ್ಲಿಪ್ ಕಿತ್ತರೆ ಅಲ್ಲೇ ಚಟ್ ಎಂದು ಕಿಡಿ ಹಾರುತ್ತದೆ, ಅದೂ ಅನಿಲ ಅತಿ ಹೆಚ್ಚು ಇರುವ ಹೊತ್ತಿನಲ್ಲಿ. ಕರೆಂಟು ಹೋಗಿದ್ದಾಗಲೂ ಮೊದಲು ಸ್ವಿಚ್ ಆಫ್ ಮಾಡಿಯೇ ಕ್ಲಿಪ್ ಮುಟ್ಟಿ. ನಮ್ಮ ಹಳ್ಳಿಗಳ ಕರೆಂಟು ಯಾವ ಗಳಿಗೆಯಲ್ಲಿ ವಾಪಸ್ ಬರುತ್ತದೋ ಹೇಳಲು ಬರಲ್ಲ.

ಕಾರಿನ ಬ್ಯಾಟರಿಯನ್ನು ಹೊರಗೆ ತೆಗೆಯದೆ ಚಾರ್ಜ್ ಮಾಡುವುದಾದರೂ ಎರಡೂ ಕೇಬಲ್ ಬಿಚ್ಚಿಬಿಡುವುದು ಮೇಲು. ಚಾರ್ಜರಿನ ವೋಲ್ಟೇಜ್ ಏರುಪೇರಾದರೆ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟು. ಬಾನೆಟ್ ಪೂರ್ತಿ ತೆರೆದಿರಲಿ.

ಎಷ್ಟು ಹೊತ್ತು, ಯಾವಾಗ ಸಾಕು

80ರ ಬ್ಯಾಟರಿ ಅರ್ಧ ಖಾಲಿ ಇದ್ದರೆ 40 ಆಂಪಿಯರ್ ಅವರ್ ತುಂಬಬೇಕು. 8 ಆಂಪಿಯರಿನಲ್ಲಿ ಐದು ಗಂಟೆ, ನಷ್ಟ ಸೇರಿಸಿ ಆರೇಳು ಗಂಟೆ. ಪೂರ್ತಿ ಇಳಿದಿದ್ದರೆ ಹನ್ನೆರಡು ಗಂಟೆಯೂ ಹಿಡಿಯುತ್ತದೆ. ಇಷ್ಟಕ್ಕೆಲ್ಲ ಖರ್ಚಾಗುವುದು ಒಂದೂವರೆ, ಎರಡು ಯೂನಿಟ್ ಕರೆಂಟ್ ಮಾತ್ರ. ಬೇಗ ಆಗಲಿ ಎಂದು ಜಾಸ್ತಿ ಆಂಪಿಯರ್ ತಳ್ಳಿದರೆ ಉಳಿಯುವುದು ನಾಲ್ಕು ಗಂಟೆ, ಹೋಗುವುದು ಸಾವಿರಾರು ರೂಪಾಯಿಯ ಬ್ಯಾಟರಿ.

ಬೆಳಿಗ್ಗೆ ಹಾಕಿ ಸಂಜೆ ತೆಗೆಯುವ ಹಾಗೆ ಲೆಕ್ಕ ಇಟ್ಟುಕೊಳ್ಳಿ. ರಾತ್ರಿ ಹಾಕಿ ಮಲಗುವುದು ಬೇಡ, ಹಳೆಯ ಚಾರ್ಜರ್ ಆದರಂತೂ ಬೇಡವೇ ಬೇಡ. ಗಂಟೆಗೊಮ್ಮೆ ಬಂದು ಬ್ಯಾಟರಿ ಡಬ್ಬಿಯ ಪಕ್ಕಕ್ಕೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ, ತಣ್ಣಗಾದ ಮೇಲೆ ಕಡಿಮೆ ಕರೆಂಟಿನಲ್ಲಿ ಮುಂದುವರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ವಿಷದ ಗಾಳಿ. ಗೋಡೆಯ ಸ್ವಿಚ್ ಆಫ್ ಮಾಡಿ ದೂರ ಬನ್ನಿ, ಆ ಬ್ಯಾಟರಿಯನ್ನು ಮತ್ತೆ ಹಾಕಬೇಡಿ.

ತುಂಬಿತೇ ಎಂದು ತಿಳಿಯುವುದು ಹೇಗೆ? ಆಟೊಮ್ಯಾಟಿಕ್ ಚಾರ್ಜರ್ ತಾನೇ ದೀಪ ತೋರಿಸುತ್ತದೆ. ಹಳೆಯದರಲ್ಲಿ ಮೀಟರಿನ ಮುಳ್ಳು ಇಳಿದು ಕೆಳಗೇ ನಿಲ್ಲುತ್ತದೆ, ಆರೂ ಸೆಲ್‌ಗಳಲ್ಲಿ ಒಂದೇ ಸಮ ಗುಳ್ಳೆ ಏಳುತ್ತದೆ. ಐದರಲ್ಲಿ ಗುಳ್ಳೆ, ಒಂದರಲ್ಲಿ ಮಾತ್ರ ಸಪ್ಪಗಿದ್ದರೆ ಆ ಸೆಲ್ ಸತ್ತಿದೆ.

ಇನ್ನೂ ಖಚಿತ ಬೇಕೆಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಇದೆ. ರಬ್ಬರ್ ಬುಂಡೆ ಒತ್ತಿ ಆಸಿಡ್ ಹೀರಿದರೆ ಗಾಜಿನೊಳಗೆ ತೇಲುಗಡ್ಡಿ ಏಳುತ್ತದೆ. ತುಂಬಿದ ಬ್ಯಾಟರಿಯಲ್ಲಿ 1.240ರ ಆಸುಪಾಸು ಅಥವಾ ಸ್ವಲ್ಪ ಮೇಲೆ ನಿಲ್ಲುತ್ತದೆ, 1.150ಕ್ಕೆ ಇಳಿದಿದ್ದರೆ ಖಾಲಿ. ಸೆಲ್‌ನಿಂದ ಸೆಲ್‌ಗೆ 0.050ರಷ್ಟು ವ್ಯತ್ಯಾಸ ಬಂದರೆ ಬ್ಯಾಟರಿ ಹೋಗುತ್ತಿದೆ ಎಂದೇ ಲೆಕ್ಕ. ನೀರು ಹಾಕಿದ ತಕ್ಷಣ ಅಳೆಯಬೇಡಿ, ಅದು ಬೆರೆಯುವವರೆಗೆ ಸುಳ್ಳು ಲೆಕ್ಕ ತೋರಿಸುತ್ತದೆ.

ಮಲ್ಟಿಮೀಟರಿನಲ್ಲಾದರೆ ಚಾರ್ಜರ್ ತೆಗೆದು ಮೂರ್ನಾಲ್ಕು ಗಂಟೆ ಬಿಟ್ಟು ನೋಡಿ. 12.6 ಅಥವಾ ಮೇಲಿದ್ದರೆ ಪೂರ್ತಿ, 12.2 ಅಂದರೆ ಅರ್ಧ, 11.9ರ ಕೆಳಗೆ ಅಂದರೆ ಖಾಲಿ. ದಿನವಿಡೀ ಚಾರ್ಜ್ ಮಾಡಿಯೂ 10.5ರಲ್ಲೇ ನಿಂತರೆ ಒಂದು ಸೆಲ್ ಹೋಗಿದೆ, ಇನ್ನು ಎಷ್ಟು ಹಾಕಿದರೂ ಪ್ರಯೋಜನ ಇಲ್ಲ. ಟರ್ಮಿನಲ್ಲಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ‘ಪವರ್ ಇದೆ’ ಎಂದು ಪರೀಕ್ಷೆ ಮಾಡುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ. ಒಂದು ಸಾದಾ ಮಲ್ಟಿಮೀಟರಿಗೆ ಕೆಲವು ನೂರು ರೂಪಾಯಿ ಸಾಕು.

ಜೋಡಿಸಿದ ಮೇಲೆ ಟರ್ಮಿನಲ್ಲಿಗೆ ತೆಳ್ಳಗೆ ವ್ಯಾಸಲೀನ್ ಸವರಿ. ಕ್ಲಾಂಪ್ ಬಿಗಿ ಮಾಡಿದ ಮೇಲೆ ಸವರಬೇಕು, ಮೊದಲಲ್ಲ.

ಆಸಿಡ್ ತಾಗಿದರೆ

ಕೆಲಸ ಶುರು ಮಾಡುವ ಮೊದಲೇ ಒಂದು ಬಕೆಟ್ ಶುದ್ಧ ನೀರು, ಒಂದು ಚೊಂಬು ಪಕ್ಕದಲ್ಲಿ ಇಟ್ಟುಕೊಳ್ಳಿ. ಚರ್ಮಕ್ಕೆ ಬಿದ್ದರೆ ಧಾರಾಳವಾಗಿ ನೀರು ಸುರಿಯಿರಿ, ಒದ್ದೆಯಾದ ಬಟ್ಟೆ ತೆಗೆದುಹಾಕಿ. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು 15-20 ನಿಮಿಷ ಬಿಡದೆ ನೀರು ಹರಿಸಿ. ಉರಿ ಕಮ್ಮಿಯಾಯಿತು ಎಂದು ನಡುವೆ ನಿಲ್ಲಿಸಬೇಡಿ. ಎದೆಹಾಲು, ಹರಳೆಣ್ಣೆ, ಸೋಡಾ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ತೊಳೆದ ಮೇಲೆ ನೇರ ಆಸ್ಪತ್ರೆಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನೆಲಕ್ಕೆ ಚೆಲ್ಲಿದ್ದಕ್ಕೆ ಸೋಡಾ ಪುಡಿ ಉದುರಿಸಿ, ನೊರೆ ನಿಂತ ಮೇಲೆ ತೊಳೆಯಿರಿ.

ಇನ್ನೊಂದು ಗಾಡಿಯಿಂದ ಸ್ಟಾರ್ಟ್ ಮಾಡುವಾಗ

ಚಾರ್ಜ್ ಮಾಡಲು ಹೊತ್ತಿಲ್ಲ, ಪಕ್ಕದ ಹೊಲದವರ ಟ್ರ್ಯಾಕ್ಟರಿನಿಂದ ಕೇಬಲ್ ಎಳೆಯಬೇಕು. ಎರಡೂ ಗಾಡಿ 12 ವೋಲ್ಟಿನವೇ ಆಗಿರಬೇಕು, ಒಂದಕ್ಕೊಂದು ತಾಗಿರಬಾರದು. ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಹಾಕಬೇಡಿ. ಬ್ಯಾಟರಿಯಿಂದ ದೂರ, ಆ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಬಂದೇ ಬರುತ್ತದೆ, ಅದು ಬ್ಯಾಟರಿಯ ನೆತ್ತಿಯ ಮೇಲೆ ಆಗಬಾರದು. ಸ್ಟಾರ್ಟ್ ಆದ ಮೇಲೆ ಇದೇ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತಾ ಬನ್ನಿ.

ಇ-ಸ್ಕೂಟರ್ ಬೇರೆ, ಇನ್ವರ್ಟರ್ ಬೇರೆ

ಮೇಲೆ ಹೇಳಿದ್ದೆಲ್ಲ ಸೀಸ-ಆಸಿಡ್ ಬ್ಯಾಟರಿಗಳಿಗೆ. ಈಗಿನ ಇ-ಸ್ಕೂಟರುಗಳಲ್ಲಿ ಇರುವುದು ಹೆಚ್ಚಾಗಿ ಲಿಥಿಯಂ. ಅದಕ್ಕೆ ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಸಬೇಡಿ. 2022ರಲ್ಲಿ ದೇಶದ ಹಲವು ಕಡೆ ಇ-ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಎಐಎಸ್ 156 ಎನ್ನುವ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ಹಾಗಿದ್ದರೂ ಮಲಗುವ ಕೋಣೆಯಲ್ಲಿ, ಮನೆಯಿಂದ ಹೊರಹೋಗುವ ಒಂದೇ ದಾರಿಯಲ್ಲಿ ಇಟ್ಟು ಚಾರ್ಜ್ ಮಾಡಬೇಡಿ. ಬಿಸಿಲಲ್ಲಿ ಓಡಿಸಿ ತಂದ ತಕ್ಷಣ ಹಾಕಬೇಡಿ, ಆರಲು ಬಿಡಿ.

ಮನೆಯ ಇನ್ವರ್ಟರಿಗೆ ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿ ದೀಪ ಉರಿಸುವುದೂ ಬೇಡ. ಸೆಲ್ಫ್‌ಗೆಂದು ಮಾಡಿದ ಬ್ಯಾಟರಿಯ ಪ್ಲೇಟು ತೆಳು, ರಾತ್ರಿಯೆಲ್ಲ ಖಾಲಿಯಾಗುವುದನ್ನು ಅದು ತಾಳಿಕೊಳ್ಳಲ್ಲ. ಮಧ್ಯೆ ಕರೆಂಟು ಬಂದರೆ ಇನ್ವರ್ಟರ್ ತನ್ನ ದೊಡ್ಡ ಬ್ಯಾಟರಿಯ ಲೆಕ್ಕದಲ್ಲಿ ಅದಕ್ಕೆ ಕರೆಂಟು ತಳ್ಳುತ್ತದೆ.

ನಿಲ್ಲಿಸಿಡುವಾಗ, ಬದಲಿಸುವಾಗ

ಹಂಗಾಮು ಮುಗಿದು ಟ್ರ್ಯಾಕ್ಟರ್ ನಿಲ್ಲಿಸುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮೈನಸ್ ಬಿಚ್ಚಿಡಿ. ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ, 12.4ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿ. ಬೇಸಿಗೆಯ ಬಿಸಿಗೆ ಬ್ಯಾಟರಿ ತಾನಾಗಿಯೇ ಬೇಗ ಇಳಿಯುತ್ತದೆ. ಇಳಿದದ್ದನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಯಾವ ಚಾರ್ಜರಿಗೂ ಅದು ಕರಗಲ್ಲ. ಹದ ಮಳೆಯ ದಿನ ಕೈಕೊಡುವ ಬ್ಯಾಟರಿಗಳಲ್ಲಿ ಬಹಳಷ್ಟು ಹಾಳಾಗಿರುವುದು ಹೀಗೆ.

ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಒಂದಷ್ಟು ಕಳೆಯುತ್ತಾರೆ. ಹಳೆಯ ಬ್ಯಾಟರಿ ಸುರಕ್ಷಿತವಾಗಿ ಕರಗಿಸುವ ಕಡೆಗೆ ಸೇರಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಹೇಳುತ್ತವೆ. ಗುಜರಿಯವರಿಗೆ ಕೊಡುವಾಗ ಆಸಿಡನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. ಸೀಸಕ್ಕೆ ಒಳ್ಳೆ ಬೆಲೆ ಎಂದು ಮನೆಯಂಗಳದಲ್ಲಿ ಒಡೆದು ಕರಗಿಸುವುದಂತೂ ಬೇಡ. ಆ ಹೊಗೆ, ಧೂಳು ಅಂಗಳದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೇರಿದರೆ ಅವರ ಮೆದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ.